ಕಲ್ಯಾಣ ಕರ್ನಾಟಕ ಅಭಿವೃದ್ಧಿ ಮಂಡಳಿಗೆ 5,000 ಕೋಟಿ ಬಂದರೂ ನಮ್ಮೂರಿನ ಗುಳೆ ಯಾಕೆ ನಿಲ್ಲಲಿಲ್ಲ?

ಕೃಷ್ಣಾದಂಡೆ:

ಎಲ್ಲರಿಗೂ ನಮಸ್ಕಾರ ರೀ. ನಾನು ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಸದಸ್ಯೆ. 2020ರ ಡಿಸೆಂಬರ್ ಚುನಾವಣೆಯಲ್ಲಿ ಮಹಿಳಾ ಮೀಸಲಿನಲ್ಲಿ ಗೆದ್ದೆ. ಈಗ ಅವಧಿ ಮುಗಿಯುತ್ತಾ ಬಂದಿದೆ. ಐದು ವರ್ಷ ಕಂಡದ್ದನ್ನು ಬರೆದಿಡಬೇಕು ಅನಿಸಿತು.

ಕಳೆದ ವಾರ ಸಂಜೆ ನಮ್ಮ ಓಣಿಯಿಂದ ಎರಡು ಕ್ರೂಸರ್ ಹೊರಟವು. ಒಂದು ಬೆಂಗಳೂರಿಗೆ, ಇನ್ನೊಂದು ಹೈದರಾಬಾದಿಗೆ. ಮೇಲೆ ಜೋಳದ ಚೀಲ, ಹಾಸಿಗೆ ಗಂಟು, ಪಾತ್ರೆ ಬುಟ್ಟಿ. ಪ್ರತಿ ವರ್ಷ ಹತ್ತಿ ಬಿಡಿಸುವ ಕೆಲಸ ಇಳಿಮುಖ ಆಗುತ್ತಿದ್ದ ಹಾಗೆ ಗುಳೆ, ಅಂದರೆ ಕೂಲಿ ಹುಡುಕಿ ಊರು ಬಿಡುವುದು, ಶುರು. ಐದನೇ ಕ್ಲಾಸಿನ ಒಬ್ಬ ಹುಡುಗಿ ಶಾಲೆ ಚೀಲ ಹೆಗಲಿಗೆ ಹಾಕಿಕೊಂಡೇ ಗಾಡಿ ಹತ್ತಿದಳು. ಅಲ್ಲಿ ಅಪ್ಪ ಅವ್ವ ಇಟ್ಟಂಗಿ ಹೊರುತ್ತಾರೆ, ಇವಳು ತಮ್ಮನನ್ನು ನೋಡಿಕೊಳ್ಳುತ್ತಾಳೆ. ಚೀಲ ಯಾಕವ್ವಾ ಅಂತ ಕೇಳಿದೆ. "ಪುಸ್ತಕ ಅದಾವ, ಓದ್ತೀನಿ" ಅಂದಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ತಾಲ್ಲೂಕು ಹಿಂದುಳಿದಿದೆ ಅನ್ನುವುದು ಹೊಸ ಸುದ್ದಿ ಅಲ್ಲ. ಪ್ರಾದೇಶಿಕ ಅಸಮತೋಲನ ನೋಡಲು ಸರ್ಕಾರ ಮಾಡಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ವರದಿ ಕೊಟ್ಟಿತು. 175 ತಾಲ್ಲೂಕುಗಳನ್ನು 35 ಸೂಚಕಗಳಲ್ಲಿ ಅಳೆದು, 114 ಹಿಂದುಳಿದಿವೆ ಅಂದಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಆಗಿನ ಗುಲಬರ್ಗಾ ವಿಭಾಗದವೇ. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆ ಮಾಡಿ ಅಂತಲೂ ಹೇಳಿತು. ಆಮೇಲೆ ದೊಡ್ಡ ಹೋರಾಟ ಆಗಿ, ಸಂವಿಧಾನಕ್ಕೆ 98ನೇ ತಿದ್ದುಪಡಿ ಬಂತು, ನಮ್ಮ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ 371(ಜೆ) ವಿಧಿ ಸಿಕ್ಕಿತು. 2013ರಲ್ಲಿ ಈ ಭಾಗಕ್ಕೇ ಅಂತ ಅಭಿವೃದ್ಧಿ ಮಂಡಳಿ ಆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಅಂತ ಹೆಸರು ಬಂತು. ಮಂಡಳಿಗೆ ವರ್ಷಕ್ಕೆ 3,000 ಕೋಟಿ ಇಟ್ಟಿದ್ದು 2023-24ರಲ್ಲಿ 5,000 ಕೋಟಿ ಆಯಿತು.

ಇಷ್ಟೆಲ್ಲ ಸಿಕ್ಕಿದ್ದು ಸಣ್ಣ ಮಾತಲ್ಲ. ನನಗೆ ಅದರ ಬೆಲೆ ಗೊತ್ತು. ಆದರೆ ನಾನು ಪಂಚಾಯಿತಿಯಲ್ಲಿ ಕೂತು ನೋಡಿದ್ದು ಬೇರೆ. ಮೂರು ವರ್ಷದ ಹಿಂದೆ ನಮ್ಮ ವಾರ್ಡ್ ಸಭೆಯಲ್ಲಿ ಜನ ಮೂರು ಬೇಡಿಕೆ ಬರೆಸಿದರು. ಗುಳೆ ಹೋಗುವವರ ಮಕ್ಕಳಿಗೆ ಊರಲ್ಲೇ ಉಳಿಯಲು ಹಾಸ್ಟೆಲ್, ಹಳ್ಳಕ್ಕೆ ಒಂದು ಚೆಕ್ ಡ್ಯಾಂ, ಉಪಕೇಂದ್ರಕ್ಕೆ ದಿನಾ ಬರುವ ನರ್ಸಮ್ಮ. ಮರುವರ್ಷ ಊರಿಗೆ ಬಂದದ್ದು ಸಮುದಾಯ ಭವನ. ಮೊದಲೇ ಒಂದು ಇತ್ತು, ಅದರಿಂದ ಕೂಗಳತೆ ದೂರದಲ್ಲಿ ಇನ್ನೊಂದು. ಯಾವ ಇಲಾಖೆ ಅಂತ ಹೇಳುವುದಿಲ್ಲ. ಒಬ್ಬರ ಮೇಲೆ ದೂರು ಹಾಕುವುದು ನನ್ನ ಉದ್ದೇಶ ಅಲ್ಲ. ಕೇಳಿದರೆ "ಮೇಲಿನಿಂದ ಪಟ್ಟಿ ಬಂದಿದೆ ಅಕ್ಕಾ" ಅಂದರು.

ಆ ಪಟ್ಟಿ ಮಾಡಿದವರು ನಮ್ಮೂರನ್ನು ನೋಡಿದ್ದಾರಾ? ದುಡ್ಡು ಎಲ್ಲಿ ಖರ್ಚಾಗಬೇಕು ಅಂತ ತೀರ್ಮಾನ ಮಾಡುವ ಜಾಗ ಊರಿಗೆ ಹತ್ತಿರ ಬರದಿದ್ದರೆ ಬಡತನ ಹೇಗೆ ಕಡಿಮೆ ಆದೀತು? ತಿಳಿದವರು ಹೇಳಿ.

ಲಾಲ್‌ಬಾಗ್ ಪಕ್ಕದವನು:

ನಮಸ್ಕಾರ ಮೇಡಂ. ಓದಿ ಬೇಜಾರಾಯಿತು. ಆ ಹುಡುಗಿ ಬಂದಿರುವುದು ನಮ್ಮೂರಿಗೇ ಇರಬಹುದು.

ನನ್ನದು ಒಂದು ನೇರ ಪ್ರಶ್ನೆ. ರಾಜ್ಯದ ಆದಾಯದಲ್ಲಿ ದೊಡ್ಡ ಪಾಲು ಬೆಂಗಳೂರಿನದು. ಇಲ್ಲಿ ರಸ್ತೆ, ನೀರು, ಮೆಟ್ರೊ ಸರಿ ಮಾಡಿದರೆ ಇನ್ನೂ ಜಾಸ್ತಿ ಉದ್ಯೋಗ ಹುಟ್ಟುತ್ತದೆ, ಜನ ಬಂದು ದುಡಿಯುತ್ತಾರೆ. ಹಾಗಿರುವಾಗ ಹಿಂದುಳಿದ ಕಡೆ ಮಂಡಳಿ ಮಾಡಿ ಹಣ ಹಂಚುವುದರಿಂದ ನಿಜವಾಗಿ ಬೆಳವಣಿಗೆ ಆಗುತ್ತದಾ? ಸಮುದಾಯ ಭವನದ ಕಥೆ ನೀವೇ ಹೇಳಿದ್ದೀರಿ. ಕೊಂಕು ಮಾತಲ್ಲ, ಅರ್ಥ ಮಾಡಿಕೊಳ್ಳಬೇಕು ಅಂತ ಕೇಳುತ್ತಿದ್ದೇನೆ.

ಕಲಬುರಗಿ ಮಾಸ್ತರ:

ಕೃಷ್ಣಾದಂಡೆ ತಂಗಿ, ನಿಮ್ಮ ಪ್ರಶ್ನೆಗೆ ಸ್ವಲ್ಪ ಹಳೆಯ ಕಥೆ ಹೇಳಬೇಕು. ಉದ್ದ ಆದರೆ ಕ್ಷಮಿಸಿ. ನಾನು 1985ರಲ್ಲಿ ಪ್ರಾಥಮಿಕ ಶಾಲೆ ಮಾಸ್ತರ ಆಗಿ ಸೇರಿದವನು.

ನಾವು ನಿಜಾಮರ ಆಳ್ವಿಕೆಯಿಂದ ಬಿಡುಗಡೆ ಆಗಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಆಗ ಹಳೆ ಮೈಸೂರಿನಲ್ಲಿ ಕಾಲೇಜು, ಕೆರೆ, ಕರೆಂಟು ಎಲ್ಲ ಇತ್ತು. ನಮ್ಮ ಕಡೆ ಕನ್ನಡ ಶಾಲೆ ಹುಡುಕಿಕೊಂಡು ಹೋಗಬೇಕಿತ್ತು. ಓಟ ಶುರುವಾದಾಗಲೇ ನಾವು ಹಿಂದೆ ಇದ್ದೆವು. ಇದನ್ನು ಬೆಂಗಳೂರಿನ ತಮ್ಮ ಅರ್ಥ ಮಾಡಿಕೊಳ್ಳಬೇಕು. ವಿಶೇಷ ಹಣ ಬಂದದ್ದು ದಾನ ಅಲ್ಲ, ಬಾಕಿ.

ಆದರೆ ತಂಗಿ ಕೇಳಿದ್ದು ಹಣದ ಮಾತಲ್ಲ, ತೀರ್ಮಾನದ ಮಾತು. ಅದನ್ನು ಕರ್ನಾಟಕ ಒಮ್ಮೆ ಮಾಡಿ ತೋರಿಸಿತ್ತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ. 1983ರ ಕಾಯ್ದೆ ತಂದರು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತಿಗೆ, ಮಂಡಲ ಪಂಚಾಯಿತಿಗೆ ಚುನಾವಣೆ ಆಯಿತು. ಹೆಣ್ಣುಮಕ್ಕಳಿಗೆ ಶೇ 25 ಮೀಸಲು. ದೇಶದಲ್ಲಿ ಪಂಚಾಯಿತಿಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿ ಬರುವುದಕ್ಕೆ ಇನ್ನೂ ಐದಾರು ವರ್ಷ ಇತ್ತು, ನೆನಪಿರಲಿ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅವರ ಕೈಕೆಳಗೆ ಪರಿಷತ್ತಿನ ಮುಖ್ಯ ಕಾರ್ಯದರ್ಶಿ, ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಶಾಲೆ, ಆಸ್ಪತ್ರೆ, ಪಶುವೈದ್ಯ, ಕುಡಿಯುವ ನೀರು ಎಲ್ಲ ಪರಿಷತ್ತಿನ ಕೆಳಗೆ ಬಂತು.

ನಾನು ಕಣ್ಣಾರೆ ಕಂಡಿದ್ದು ಹೇಳುತ್ತೇನೆ. ನಮ್ಮ ಭಾಗದ ಸದಸ್ಯರು ಸೈಕಲ್ ಮೇಲೆ ಶಾಲೆಗೆ ಬರುತ್ತಿದ್ದರು. ಮೊದಲು ಹಾಜರಿ ಪುಸ್ತಕ ಕೇಳುತ್ತಿದ್ದರು. ತಿಂಗಳಿಗೆ ಹತ್ತು ದಿನ ಬರುತ್ತಿದ್ದ ಮಾಸ್ತರು ದಿನಾ ಬರತೊಡಗಿದರು. ಯಾಕೆ ಅಂದರೆ ದೂರು ಹೇಳಲು ಜನ ಬೆಂಗಳೂರಿಗೆ ಹೋಗಬೇಕಿರಲಿಲ್ಲ, ಮುಂದಿನ ಓಣಿಗೆ ಹೋದರೆ ಸಾಕಿತ್ತು. ನಜೀರ್ ಸಾಬರು ಊರೂರಿಗೆ ಬೋರ್‌ವೆಲ್ ಹಾಕಿಸಿದರು. ಜನ ಅವರನ್ನು ನೀರ್ ಸಾಬ್ ಅಂತಲೇ ಕರೆದರು. 1988ರಲ್ಲಿ ಅವರು ತೀರಿಕೊಂಡಾಗ ನಮ್ಮ ಹಳ್ಳಿಯಲ್ಲಿ ಒಲೆ ಹಚ್ಚದ ಮನೆಗಳಿದ್ದವು.

1992ರಲ್ಲಿ ಆ ಅವಧಿ ಮುಗಿಯಿತು, ಆಡಳಿತಾಧಿಕಾರಿಗಳು ಬಂದರು. 1993ರ ಹೊಸ ಕಾಯ್ದೆಯಲ್ಲಿ ಗ್ರಾಮ, ತಾಲ್ಲೂಕು, ಜಿಲ್ಲೆ ಅಂತ ಮೂರು ಹಂತ ಬಂತು. ಆದರೆ ಮೊದಲಿನ ಗಟ್ಟಿತನ ಬರಲಿಲ್ಲ. ಈಗ ನೋಡಿ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗೆ ಕೊನೆಯ ಚುನಾವಣೆ ಆಗಿದ್ದು 2016ರಲ್ಲಿ. ಅವಧಿ ಮುಗಿದದ್ದು 2021ರಲ್ಲಿ. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಳೇ ಕಳೆದವು. ನಡುವಿನ ಎರಡು ಮೆಟ್ಟಿಲು ಇಲ್ಲದ ಏಣಿ ಅದು. ಕೆಳಗೆ ನೀವು ನಿಂತಿದ್ದೀರಿ ತಂಗಿ, ಮೇಲೆ ಮಂಡಳಿ ಇದೆ. ಹತ್ತುವುದು ಹೇಗೆ?

ಹೊಸ ಸರ್ಟಿಫಿಕೇಟ್:

ಮಾಸ್ತರಿಗೆ ನಮಸ್ಕಾರ. ನಾನು ಸುರಪುರ ಕಡೆಯವನು. 371(ಜೆ) ಬಗ್ಗೆ ನನ್ನ ಅನುಭವ ಹೇಳಲೇಬೇಕು.

ನಮ್ಮ ಅಪ್ಪ ಅವ್ವ ಇಪ್ಪತ್ತು ವರ್ಷ ಗುಳೆ ಹೋದವರು. ಪುಣೆಯಲ್ಲಿ, ಗೋವಾದಲ್ಲಿ, ಬೆಂಗಳೂರಿನಲ್ಲಿ ಕಟ್ಟಡ ಕೆಲಸ. ನಾನು ಅಜ್ಜಿ ಹತ್ತಿರ ಬೆಳೆದೆ. ಪಿಯುಸಿ ಆದಮೇಲೆ ಸಹಾಯಕ ಆಯುಕ್ತರ ಕಚೇರಿಯಲ್ಲಿ ಸ್ಥಳೀಯ ವ್ಯಕ್ತಿ ಪ್ರಮಾಣಪತ್ರ ಮಾಡಿಸಿದೆ. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ನಮಗೆ ಮೀಸಲು, ಹೊರಗಡೆ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ಆ ಕಾಗದ ಇಲ್ಲದಿದ್ದರೆ ನನಗೆ ಇಂಜಿನಿಯರಿಂಗ್ ಸೀಟು ಸಿಗುತ್ತಿರಲಿಲ್ಲ. ಕೆಲಸದಲ್ಲೂ ಹಾಗೇ. ನಮ್ಮ ಭಾಗದ ಸಿ ಗುಂಪಿನ ಹುದ್ದೆಯಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ಸ್ಥಳೀಯರಿಗೆ. ನಾನು ಈಗ ಸರ್ಕಾರಿ ನೌಕರ. ಅಪ್ಪ ಈಗ ಗುಳೆ ಹೋಗುವುದಿಲ್ಲ. ಮನೆ ಮುಂದೆ ಕಟ್ಟೆ ಮೇಲೆ ಕೂತು ಪೇಪರ್ ಓದುತ್ತಾರೆ.

ಹಾಗಾಗಿ 371(ಜೆ)ಯಿಂದ ಏನೂ ಆಗಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಆದರೆ ಇದು ಸಿಗುವುದು ಯಾರಿಗೆ? ಪಿಯುಸಿ ಮುಟ್ಟಿದವರಿಗೆ. ನನ್ನ ಜೊತೆ ಒಂದನೇ ಕ್ಲಾಸಿನಲ್ಲಿ ಇದ್ದವರಲ್ಲಿ ಹತ್ತನೇ ಕ್ಲಾಸು ಪಾಸಾದವರು ಬೆರಳೆಣಿಕೆ. 2025ರ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ಶೇ 42.43 ಪಡೆದು ರಾಜ್ಯದಲ್ಲೇ ಕೊನೆಗೆ ನಿಂತಿತು. ದಕ್ಷಿಣ ಕನ್ನಡ ಶೇ 91.12. ಅದರ ಹಿಂದಿನ ವರ್ಷ ಕೊನೆಯ ಸ್ಥಾನ ನಮ್ಮ ಯಾದಗಿರಿಯದು. ಮೀಸಲಾತಿಯ ಬಾಗಿಲು ತೆರೆದಿದೆ, ಆದರೆ ಬಾಗಿಲ ತನಕ ಬರುವ ಮಕ್ಕಳೇ ಕಮ್ಮಿ. ಕ್ರೂಸರ್ ಹತ್ತಿದ ಆ ಹುಡುಗಿಗೆ 371(ಜೆ) ಮುಟ್ಟಬೇಕಾದರೆ ಮೊದಲು ಅವಳು ಊರಲ್ಲಿ ಉಳಿಯಬೇಕು ಅಲ್ವಾ? ಆ ಕೆಲಸ ಆಗಬೇಕಾದದ್ದು ಪಂಚಾಯಿತಿಯಲ್ಲಿ. ಅಕ್ಕನವರ ವಾರ್ಡ್ ಸಭೆ ಕೇಳಿದ ಹಾಸ್ಟೆಲ್ ಅದೇ.

ಕೃಷ್ಣಾದಂಡೆ:

ತಮ್ಮಾ, ನಿಮ್ಮ ಅಪ್ಪ ಪೇಪರ್ ಓದುವ ಮಾತು ಓದಿ ಕಣ್ಣು ತುಂಬಿತು. ಮಾಸ್ತರೇ, ಏಣಿಯ ಮಾತು ಸರಿಯಾಗಿ ಹೇಳಿದಿರಿ. ತಾಲ್ಲೂಕು ಪಂಚಾಯಿತಿ ಸದಸ್ಯರು ಇದ್ದಾಗ ನಮ್ಮ ಬೇಡಿಕೆ ಹಿಡಿದು ಹೋಗಲು ಒಬ್ಬರಾದರೂ ಇದ್ದರು. ಈಗ ನಮ್ಮ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬಿಟ್ಟರೆ ಸೀದಾ ಶಾಸಕರು. ಅವರ ಮುಂದೆ ಇನ್ನೂರು ಊರಿನ ಅರ್ಜಿ ಇರುತ್ತದೆ.

ಪಾವಗಡದ ಬಿಸಿಲು:

ಒಂದು ಮಾತು ಸೇರಿಸಬಹುದಾ? ನಾನು ತುಮಕೂರು ಜಿಲ್ಲೆ ಪಾವಗಡದವಳು. ನಂಜುಂಡಪ್ಪ ವರದಿಯ ಅತ್ಯಂತ ಹಿಂದುಳಿದ 39ರಲ್ಲಿ 13 ನಮ್ಮ ದಕ್ಷಿಣದ ತಾಲ್ಲೂಕುಗಳೂ ಇದ್ದವು. ಪಾವಗಡ ಅದರಲ್ಲಿ ಒಂದು. ನಮಗೆ 371(ಜೆ) ಇಲ್ಲ, ಮಂಡಳಿ ಇಲ್ಲ. ಕಲ್ಯಾಣ ಕರ್ನಾಟಕದವರಿಗೆ ಸಿಕ್ಕಿದ್ದಕ್ಕೆ ಹೊಟ್ಟೆಕಿಚ್ಚಿಲ್ಲ. ಬಡತನಕ್ಕೆ ವಿಭಾಗದ ಗಡಿ ಗೊತ್ತಿಲ್ಲ ಅಂತಷ್ಟೇ ಹೇಳುವುದು.

ನಮ್ಮಲ್ಲಿ ಬೆಳವಣಿಗೆ ಬೇರೆ ರೂಪದಲ್ಲಿ ಬಂತು. ತಿರುಮಣಿ, ವಳ್ಳೂರು ಸುತ್ತಮುತ್ತ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಆಯಿತು. 2,050 ಮೆಗಾವ್ಯಾಟ್. ಜಮೀನು ಕಿತ್ತುಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಮಳೆ ಇಲ್ಲದೆ ಶೇಂಗಾ ಒಣಗಿಸಿಕೊಂಡು ಕೂತ ರೈತನಿಗೆ ಅದು ಒಳ್ಳೆಯ ಹಣ. ಇದನ್ನು ಮಾಡಿದವರನ್ನು ನಾನು ಮೆಚ್ಚುತ್ತೇನೆ.

ಆದರೆ ಜಮೀನು ಇಲ್ಲದವರು? ಅವರು ಆ ಹೊಲದಲ್ಲೇ ಕಳೆ ತೆಗೆದು, ಶೇಂಗಾ ಕಿತ್ತು ಬದುಕುತ್ತಿದ್ದರು. ಕುರಿ ಮೇಯಿಸುತ್ತಿದ್ದರು. ಈಗ ಅಲ್ಲಿ ಬೇಲಿ. ಗುತ್ತಿಗೆ ಹಣ ಖಾತೆದಾರನ ಹೆಸರಿಗೆ, ಕೂಲಿಯವರ ಹೆಸರು ಯಾವ ಕಾಗದದಲ್ಲೂ ಇಲ್ಲ. ಮೊದಲೇ ಗ್ರಾಮ ಸಭೆಯಲ್ಲಿ ಕೂತು "ಈ ಊರಲ್ಲಿ ಜಮೀನಿಲ್ಲದ ಮನೆ ಎಷ್ಟು, ಅವರಿಗೆ ಏನು" ಅಂತ ಒಂದು ದಿನ ಮಾತಾಡಿದ್ದರೆ ದಾರಿ ಸಿಗುತ್ತಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಬೆಂಗಳೂರಿನ ಅಣ್ಣ ಬೆಳವಣಿಗೆ ಕೇಳಿದರು. ಬೆಳವಣಿಗೆ ನಮ್ಮೂರಿಗೆ ಬಂತು ಅಣ್ಣ. ಬಡವರ ಮನೆ ಪಕ್ಕದಿಂದಲೇ ಹಾದುಹೋಯಿತು.

2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನಕ್ಕೆ ಮತ್ತೊಂದು ಸಮಿತಿ ಮಾಡಿದ್ದಾರೆ. ತಾಲ್ಲೂಕಿಗಿಂತ ಕೆಳಗಿಳಿದು, ಪಂಚಾಯಿತಿ ಮಟ್ಟದಲ್ಲಿ ಅಳೆಯಬೇಕು ಅನ್ನುವುದು ನನ್ನ ಆಸೆ. ಒಂದೇ ತಾಲ್ಲೂಕಿನಲ್ಲಿ ನೀರಾವರಿ ಊರು ಬೇರೆ, ಬೋಳು ಗುಡ್ಡದ ತಾಂಡಾ ಬೇರೆ.

ಮಾನ್ವಿ ಟೇಲೆಂಡ್:

ಪಾವಗಡದ ತಂಗಿ ಹೇಳಿದ್ದು ನಮಗೂ ಹೊಂದುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತ ನಾನು. ಕಾಗದದಲ್ಲಿ ನಮ್ಮದು ನೀರಾವರಿ ಜಮೀನು. ಕಾಲುವೆ 200 ಕಿಲೋಮೀಟರ್ ದಾಟಿ ಬರುವ ಹೊತ್ತಿಗೆ ನೀರು ನೆನಪು ಮಾತ್ರ. ಯೋಜನೆ ಮಾಡುವಾಗ ಜೋಳ, ಹತ್ತಿ, ಶೇಂಗಾ ಅಂತ ಹೇಳಿದ್ದರು. ಮೇಲ್ಭಾಗದಲ್ಲಿ ಎರಡು ಬೆಳೆ ಭತ್ತ ಬಂತು. ಅವರನ್ನು ಬೈಯುವುದಿಲ್ಲ, ನೀರು ಕಂಡರೆ ಯಾವ ರೈತನೂ ಭತ್ತ ಹಾಕುತ್ತಾನೆ. ಡ್ಯಾಮಿನಲ್ಲಿ ಹೂಳು ತುಂಬಿ 133 ಟಿಎಂಸಿ ಹಿಡಿಯುತ್ತಿದ್ದದ್ದು 105ರ ಹತ್ತಿರಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ನಾವು ನಿದ್ದೆ ಮಾಡಲಿಲ್ಲ.

ಸುಧಾರಣೆ ಅಂದರೆ ನನಗೆ ಗೊತ್ತಿರುವುದು ಒಂದೇ. ನೀರು ಯಾವಾಗ, ಎಷ್ಟು ದಿನ ಬಿಡಬೇಕು ಅಂತ ನೀರಾವರಿ ಸಲಹಾ ಸಮಿತಿ ತೀರ್ಮಾನ ಮಾಡುತ್ತದೆ. ಅಲ್ಲಿ ಮಂತ್ರಿಗಳು, ಶಾಸಕರು, ಅಧಿಕಾರಿಗಳು. ನೀರು ಬಳಕೆದಾರರ ಸಹಕಾರ ಸಂಘ ಅಂತ ನಮ್ಮದೂ ಒಂದು ಇದೆ. ಬೋರ್ಡು ಇದೆ, ಕೈಯಲ್ಲಿ ಗೇಟಿನ ಚಾವಿ ಇಲ್ಲ. ಉಪಕಾಲುವೆ ಎಲ್ಲಿ ಒಡೆದಿದೆ, ಯಾರು ಅಕ್ರಮ ಪೈಪ್ ಹಾಕಿದ್ದಾರೆ ಅಂತ ನಮಗೆ ಮನೆಮನೆ ಲೆಕ್ಕ ಗೊತ್ತು. ಆ ಲೆಕ್ಕ ಕೇಳುವವರು ಬೇಕು. ಕೊನೆ ಭಾಗದ ಎಕರೆಗೆ ನೀರು ಬಂದರೆ ಕೂಲಿ ಹುಟ್ಟುತ್ತದೆ. ಕೂಲಿ ಇದ್ದರೆ ಯಾರು ಊರು ಬಿಡುತ್ತಾರೆ ಹೇಳಿ?

ಕಾಸರಗೋಡಿನ ಕನ್ನಡಿಗ:

ನಾನು ಗಡಿಯಾಚೆ ಇರುವವನು. ಎರಡು ಪದ್ಧತಿಯನ್ನೂ ಹತ್ತಿರದಿಂದ ನೋಡಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ.

ಕೇರಳದಲ್ಲಿ 1996ರಲ್ಲಿ ಊರಿನ ಜನರೇ ಯೋಜನೆ ಮಾಡುವ ಜನಕೀಯ ಯೋಜನೆ ಶುರುವಾದಾಗ, ರಾಜ್ಯದ ಯೋಜನಾ ಹಣದಲ್ಲಿ ಶೇ 35ರಿಂದ 40 ಸ್ಥಳೀಯ ಸಂಸ್ಥೆಗಳಿಗೆ ಅಂತ ತೀರ್ಮಾನ ಮಾಡಿದರು. ಮೊದಲು ಹಣ ಕೊಟ್ಟರು, ಆಮೇಲೆ ಕೆಲಸ ಕಲಿಸಿದರು. ತಪ್ಪುಗಳು ಆದವು, ಜಗಳಗಳೂ ಆದವು. ಆದರೆ ನಮ್ಮ ಪಂಚಾಯತು ಆಫೀಸಿಗೆ ಹೋದರೆ ಅಲ್ಲಿ ಇಂಜಿನಿಯರು, ಕೃಷಿ ಭವನ, ಆಸ್ಪತ್ರೆ, ಎಲ್ಲದಕ್ಕೂ ಪಂಚಾಯತಿನ ಮಾತು ನಡೆಯುತ್ತದೆ. 1998ರಲ್ಲಿ ಹೆಂಗಸರ ಸಂಘಗಳ ಜಾಲ ಕುಟುಂಬಶ್ರೀ ಬಂತು. ಪ್ರತಿ ಮನೆಯ ಹೆಂಗಸು ಅದರಲ್ಲಿ ಇರಬಹುದು. ಗ್ರಾಮ ಸಭೆಗೆ ಜನ ಸೇರುವುದೇ ಅವರಿಂದ.

2021ರಲ್ಲಿ ಕಡುಬಡವರನ್ನು ಹುಡುಕುವ ಕೆಲಸ ಶುರುವಾಯಿತು. ಹುಡುಕಿದ್ದು ಸ್ಥಳೀಯ ಸಂಸ್ಥೆಗಳೇ. ಊಟ, ಆರೋಗ್ಯ, ಆದಾಯ, ಮನೆ, ಈ ನಾಲ್ಕು ನೋಡಿದರು. ರಾಜ್ಯದಲ್ಲಿ 64,006 ಕುಟುಂಬ ಸಿಕ್ಕವು. ಒಂದೊಂದು ಕುಟುಂಬಕ್ಕೂ ಬೇರೆ ಬೇರೆ ಯೋಜನೆ. ಒಬ್ಬರಿಗೆ ಮನೆ, ಒಬ್ಬರಿಗೆ ದಿನಾ ಬೇಯಿಸಿದ ಊಟ, ಮತ್ತೊಬ್ಬರಿಗೆ ಬರೀ ರೇಷನ್ ಕಾರ್ಡು ಮತ್ತು ಔಷಧಿ. 2025ರ ನವೆಂಬರ್ 1ರಂದು ಕಡುಬಡತನ ಮುಗಿಯಿತು ಅಂತ ಸರ್ಕಾರ ಘೋಷಿಸಿತು. ಆ ಲೆಕ್ಕವನ್ನು ಪ್ರಶ್ನೆ ಮಾಡಿದ ಅರ್ಥಶಾಸ್ತ್ರಜ್ಞರೂ ಇದ್ದಾರೆ, ಆದಿವಾಸಿಗಳ ಕಷ್ಟ ಮುಗಿದಿಲ್ಲ ಅನ್ನುವವರೂ ಇದ್ದಾರೆ. ನನಗೂ ಆ ಅನುಮಾನ ಇದೆ. ಆದರೆ ಹೆಸರು ಹಿಡಿದು, ಮನೆ ಹಿಡಿದು ಹುಡುಕುವ ಆ ಕ್ರಮ ನಿಜವಾಗಿ ದೊಡ್ಡದು.

ಕೇರಳದಲ್ಲಿ ನಮ್ಮ ಕಾಸರಗೋಡೂ ಹಿಂದುಳಿದ ಜಿಲ್ಲೆಯೇ. ಜಿಲ್ಲೆಯ ಅಭಿವೃದ್ಧಿಗೆ ಅಂತ ನಮಗೂ ಪ್ರಭಾಕರನ್ ಆಯೋಗ ಬಂತು, ವಿಶೇಷ ಪ್ಯಾಕೇಜ್ ಬಂತು. ದೊಡ್ಡ ಕಾಯಿಲೆಗೆ ಇನ್ನೂ ಮಂಗಳೂರಿಗೇ ಓಡುತ್ತೇವೆ. ಹಾಗಾಗಿ ಪಂಚಾಯತು ಗಟ್ಟಿ ಇದ್ದರೆ ಎಲ್ಲ ಸರಿ ಅಂತ ಹೇಳಲಾರೆ. ದೊಡ್ಡ ಆಸ್ಪತ್ರೆ, ದೊಡ್ಡ ರಸ್ತೆಗೆ ರಾಜ್ಯವೇ ಬೇಕು. ಆದರೆ ನಮ್ಮಲ್ಲಿ ಐದು ವರ್ಷಕ್ಕೊಮ್ಮೆ ಚುನಾವಣೆ ತಪ್ಪುವುದಿಲ್ಲ. 2020ರ ಡಿಸೆಂಬರಿನಲ್ಲಿ ಆಯಿತು, 2025ರ ಡಿಸೆಂಬರಿನಲ್ಲೂ ಆಯಿತು. ಇದನ್ನು ಕರ್ನಾಟಕದ ಗೆಳೆಯರಿಗೆ ಹೇಳುವಾಗ ನನಗೆ ನೋವಾಗುತ್ತದೆ. ಏಕೆಂದರೆ ಕೇರಳಕ್ಕಿಂತ ಮೊದಲು ದಾರಿ ತೋರಿಸಿದ್ದು ಮಾಸ್ತರು ಹೇಳಿದ ಆ 1987ರ ಕರ್ನಾಟಕ.

ಪಂಚಾಯಿತಿ ನೌಕರ:

ನಾನು ಪಿಡಿಒ. ಜಿಲ್ಲೆ ಹೇಳುವುದಿಲ್ಲ. ಒಳಗಿನಿಂದ ಹೇಗೆ ಕಾಣುತ್ತದೆ ಅಂತ ಬರೆಯುತ್ತೇನೆ, ಕೃಷ್ಣಾದಂಡೆ ಮೇಡಂಗೆ ಉಪಯೋಗ ಆಗಬಹುದು.

ಕಾಯ್ದೆಯಲ್ಲಿ ಎಲ್ಲ ಇದೆ. ಪಂಚಾಯತ್ ರಾಜ್ ಕಾಯ್ದೆ ಪರಿಶೀಲಿಸಿದ ರಮೇಶ್ ಕುಮಾರ್ ಸಮಿತಿಯ ಶಿಫಾರಸಿನ ಮೇಲೆ ಬಂದ ತಿದ್ದುಪಡಿಯಿಂದ ನಮ್ಮ ಕಾಯ್ದೆಗೆ ಗ್ರಾಮ ಸ್ವರಾಜ್ ಅಂತಲೇ ಹೆಸರು ಸೇರಿತು. ಮೊದಲು ಜನವಸತಿ ಸಭೆ, ಆಮೇಲೆ ವಾರ್ಡ್ ಸಭೆ, ಆಮೇಲೆ ಗ್ರಾಮ ಸಭೆ. ಕೆಳಗಿನ ಬೇಡಿಕೆ ಮೇಲೆ ಹೋಗಬೇಕು. ಐದು ವರ್ಷದ ಮುನ್ನೋಟ ಯೋಜನೆ ಇರಬೇಕು.

ಆದರೆ ಕೈಯಲ್ಲಿರುವ ಹಣ ನೋಡಿ. 2025-26ರ ತನಕದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಪಾಡು ಇತ್ತು. ಉಳಿದ ಶೇ 40ರಲ್ಲಿ ನಾವು ಆರಿಸಬಹುದಿತ್ತು. ರಾಜ್ಯದ ಅನುದಾನದಲ್ಲಿ ಬೀದಿದೀಪ, ನೀರಿನ ಮೋಟಾರಿನ ಕರೆಂಟ್ ಬಿಲ್ಲಿಗೆ ದೊಡ್ಡ ಪಾಲು. ಮನೆ ಕಂದಾಯ ವಸೂಲಿ ಆದರೆ ನೀರುಗಂಟಿ, ಬಿಲ್ ಕಲೆಕ್ಟರ್ ಸಂಬಳ. ಹಾಸ್ಟೆಲ್ ಬೇಕು ಅಂತ ಜನ ಹೇಳಿದಾಗ ನಾನು ನಡಾವಳಿಯಲ್ಲಿ ಬರೆಯಬಹುದು, ಕಟ್ಟಲಾರೆ. ನನಗೆ ಎರಡು ಪಂಚಾಯಿತಿಯ ಹೊಣೆ. ಒಂದು ಕಡೆ ಇದ್ದಾಗ ಇನ್ನೊಂದು ಕಡೆ ಜನ ಕಾಯುತ್ತಾರೆ. ಅವರ ಸಿಟ್ಟು ನನಗೆ ಅರ್ಥ ಆಗುತ್ತದೆ.

ಇನ್ನು ಮುಖ್ಯ ಮಾತು. ಸಂವಿಧಾನದ 243ಝಡ್‌ಡಿ ವಿಧಿಯಲ್ಲಿ ಜಿಲ್ಲಾ ಯೋಜನಾ ಸಮಿತಿ ಅಂತ ಇದೆ. ಹಳ್ಳಿ, ಪಟ್ಟಣಗಳ ಯೋಜನೆಗಳನ್ನು ಒಟ್ಟು ಸೇರಿಸಿ ಜಿಲ್ಲೆಗೆ ಒಂದು ಯೋಜನೆ ಮಾಡುವುದು ಅದರ ಕೆಲಸ. ಅದರ ಐದರಲ್ಲಿ ನಾಲ್ಕು ಭಾಗ ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರಸಭೆ, ಪುರಸಭೆಗಳಿಗೆ ಜನ ಆರಿಸಿದವರೇ ಆಗಿರಬೇಕು. ಜಿಲ್ಲಾ ಪಂಚಾಯಿತಿಗೆ ಚುನಾವಣೆಯೇ ಇಲ್ಲದಾಗ ಆ ಸಮಿತಿಯಲ್ಲಿ ಹಳ್ಳಿಯ ಪರವಾಗಿ ಕೂರುವವರು ಯಾರು? ಚುನಾಯಿತ ಸಂಸ್ಥೆ ಇಲ್ಲದಿದ್ದರೆ ಕೇಂದ್ರದ ಹಣಕಾಸು ಆಯೋಗದ ಅನುದಾನಕ್ಕೂ ತಡೆ. ಎರಡು ಕಡೆ ನಷ್ಟ.

ಮಂಡಳಿ ಬೇಡ ಅಂತ ನಾನು ಹೇಳುವುದಿಲ್ಲ. ಮಂಡಳಿಯ ಕೆಲಸದ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದೆ ಇಡಬೇಕು ಅಂತ 371(ಜೆ)ಯಲ್ಲೇ ಇದೆ. ಅದೇ ರೀತಿ, ಆಯಾ ತಾಲ್ಲೂಕಿನ ಪಟ್ಟಿಯನ್ನು ಗ್ರಾಮ ಸಭೆಯ ಮುಂದೂ ಇಡಬೇಕು ಅಂತ ಒಂದು ಸಾಲು ಸೇರಿದರೆ ಬಹಳ ಬದಲಾವಣೆ ಆಗುತ್ತದೆ. ಊರಿಗೆ ಏನು ಬರುತ್ತಿದೆ ಅಂತ ಊರಿಗೆ ಮೊದಲೇ ಗೊತ್ತಾದರೆ ಎರಡನೇ ಸಮುದಾಯ ಭವನ ಬರುವುದಿಲ್ಲ.

ಮೇಡಂ, ಈ ಸಲದ ಗ್ರಾಮ ಸಭೆಗೆ ಒಂದು ಕೆಲಸ ಮಾಡಿ. ಬೇಡಿಕೆ ಬಾಯಲ್ಲಿ ಹೇಳಬೇಡಿ. ಗುಳೆ ಹೋದ ಮನೆಗಳ ಪಟ್ಟಿ ಮಾಡಿ. ಮನೆಯವರ ಹೆಸರು, ಎಲ್ಲಿಗೆ ಹೋದರು, ಯಾವ ತಿಂಗಳು, ಜೊತೆಗೆ ಹೋದ ಮಕ್ಕಳ ವಯಸ್ಸು, ಕ್ಲಾಸು. ಅದನ್ನು ಸಭೆಯಲ್ಲಿ ಓದಿ, ನಡಾವಳಿಗೆ ಅಂಟಿಸಿ. ಋತುಮಾನ ಹಾಸ್ಟೆಲ್‌ಗೆ ಶಿಕ್ಷಣ ಇಲಾಖೆಯಲ್ಲಿ ಅವಕಾಶ ಇದೆ, ಆದರೆ ಮಕ್ಕಳ ಲೆಕ್ಕ ಕೇಳುತ್ತಾರೆ. ಚಿಕ್ಕ ಮಕ್ಕಳಿಗೆ ಪಂಚಾಯಿತಿಯಲ್ಲೇ ಕೂಸಿನ ಮನೆ ಮಾಡಬಹುದು. ಅದಾದರೆ ದೊಡ್ಡ ಹುಡುಗಿ ತಮ್ಮನನ್ನು ಹೊತ್ತು ಕೂರುವುದು ತಪ್ಪುತ್ತದೆ.

ಲಾಲ್‌ಬಾಗ್ ಪಕ್ಕದವನು:

ನನ್ನ ಪ್ರಶ್ನೆಗೆ ಇಷ್ಟು ತಾಳ್ಮೆಯಿಂದ ಉತ್ತರ ಕೊಟ್ಟಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಬಾಕಿ ಅನ್ನುವ ಮಾತು ಮನಸ್ಸಿಗೆ ತಟ್ಟಿತು. ನಮ್ಮ ಬೀದಿ ಕೊನೆಯಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ನೀಲಿ ತಗಡಿನ ಶೆಡ್ಡಿನಲ್ಲಿ ಇರುವವರನ್ನು ಇವತ್ತು ಸಂಜೆ ಹೋಗಿ ಮಾತಾಡಿಸಿದೆ. ಲಿಂಗಸುಗೂರು ಕಡೆಯವರು. ಹಟ್ಟಿ ಚಿನ್ನದ ಗಣಿ ಇರುವ ತಾಲ್ಲೂಕಿನಿಂದ ಮಣ್ಣು ಹೊರಲು ಬೆಂಗಳೂರಿಗೆ ಬಂದಿದ್ದಾರೆ. ನಾಲ್ಕು ಮಕ್ಕಳಿದ್ದಾರೆ, ಯಾರೂ ಶಾಲೆಗೆ ಹೋಗುತ್ತಿಲ್ಲ. ಹತ್ತಿರದ ಸರ್ಕಾರಿ ಶಾಲೆಯಲ್ಲಿ ನಾಳೆ ವಿಚಾರಿಸುತ್ತೇನೆ.

ಕೃಷ್ಣಾದಂಡೆ:

ಹನ್ನೆರಡು ದಿನ ಆದಮೇಲೆ ಬರೆಯುತ್ತಿದ್ದೇನೆ. ನಿನ್ನೆ ನಮ್ಮ ಗ್ರಾಮ ಸಭೆ ಆಯಿತು.

ಪಿಡಿಒ ಸರ್ ಹೇಳಿದ ಹಾಗೆ ಪಟ್ಟಿ ಮಾಡಿದೆವು. ನಾನು, ಆಶಾ ಕಾರ್ಯಕರ್ತೆ, ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಇಬ್ಬರು ಹೆಣ್ಣುಮಕ್ಕಳು. ನಾಲ್ಕು ಸಂಜೆ ಮನೆ ಮನೆ ತಿರುಗಿದೆವು. ನನ್ನ ವಾರ್ಡಿನಲ್ಲೇ 31 ಮನೆಗೆ ಬೀಗ. ಮಕ್ಕಳು 26. ಇಷ್ಟು ಅಂತ ನನಗೇ ಗೊತ್ತಿರಲಿಲ್ಲ. ಐದು ವರ್ಷ ಸದಸ್ಯೆ ಆಗಿದ್ದೂ ನಾನು ಎಣಿಸಿರಲಿಲ್ಲ, ಅದು ನನ್ನದೇ ತಪ್ಪು.

ಸಭೆಯಲ್ಲಿ ಹೆಸರು ಒಂದೊಂದೇ ಓದಿದೆ. ಯಾವತ್ತೂ ಗದ್ದಲ ಇರುವ ಸಭೆ ಸುಮ್ಮನಾಯಿತು. ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು, "ನನ್ನ ಮೊಮ್ಮಗನ ಹೆಸರು ಬಿಟ್ಟೀರಿ, ಬರಕೋರಿ" ಅಂದಳು. ಬರೆದುಕೊಂಡೆವು. 27 ಆಯಿತು. ಚೆಕ್ ಡ್ಯಾಂ ಯಾವ ಜಾಗದಲ್ಲಿ ಅಂತ ಗಂಡಸರಲ್ಲಿ ಜಗಳ ಆಯಿತು, ಅದನ್ನು ಮುಂದಿನ ಸಭೆಗೆ ಇಟ್ಟೆವು. ಹಳೆಯ ಸಮುದಾಯ ಭವನದಲ್ಲಿ ಕೂಸಿನ ಮನೆ, ಹೊಸದರಲ್ಲಿ ಮಕ್ಕಳ ಹಾಸ್ಟೆಲ್ ನಡೆಸಲು ಕೊಡಬಹುದು ಅಂತ ಠರಾವು ಆಯಿತು. ಕಟ್ಟಡ ಇದೆ, ಅಡುಗೆಯವರು ಮತ್ತು ಒಬ್ಬ ಟೀಚರ್ ಬೇಕು. ನಡಾವಳಿ ಪ್ರತಿ, ಪಟ್ಟಿ ಎರಡನ್ನೂ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಜಿಲ್ಲಾ ಪಂಚಾಯಿತಿ ಸಿಇಒಗೆ, ಮಂಡಳಿಗೆ ಮೂರೂ ಕಡೆ ಕಳಿಸಿದ್ದೇವೆ. ಮೂರಕ್ಕೂ ಸ್ವೀಕೃತಿ ಇಟ್ಟುಕೊಂಡಿದ್ದೇನೆ.

ಆ ಹುಡುಗಿಯ ಅವ್ವನಿಗೆ ಫೋನ್ ಮಾಡಿದೆ. ಹಾಸ್ಟೆಲ್ ಶುರುವಾದರೆ ಸಂಕ್ರಾಂತಿಗೆ ಕಳಿಸುತ್ತೀನಿ ಅಂದಳು. "ಶುರು ಆದ ಮ್ಯಾಲ ಹೇಳ್ರಿ, ಈಗ ಹೇಳಬ್ಯಾಡ್ರಿ ಅಕ್ಕಾ, ಹುಡುಗಿ ಆಸೆ ಇಟ್ಕೊಂಡು ಕುಂದ್ರತಾಳ" ಅಂದಳು.

ಕಲಬುರಗಿ ಮಾಸ್ತರ:

ತಂಗಿ, 27 ಮಕ್ಕಳ ಕ್ಲಾಸುವಾರು ಪಟ್ಟಿ ನನಗೆ ಕಳಿಸಿ, ಹೆಸರು ಬೇಡ, ಯಾವ ಕ್ಲಾಸು ಎಷ್ಟು ಮಂದಿ ಅಂತ ಸಾಕು. ನಮ್ಮ ನಿವೃತ್ತ ಮಾಸ್ತರ ಬಳಗದಿಂದ ಪುಸ್ತಕ, ಪಾಟಿ ಕಳಿಸುತ್ತೇವೆ. ಟೀಚರ್ ನೇಮಕ ಆಗುವ ತನಕ ವಾರಕ್ಕೆ ಎರಡು ದಿನ ನಾನೇ ಬಸ್ಸು ಹತ್ತಿ ಬರಬಲ್ಲೆ. ಉಳಿಯಲು ಒಂದು ಕೋಣೆ ನೋಡಿ.